ಗೋಡೆಯ ಮೇಲಿನ ಕಪ್ಪು ಗಾಜು

ಮಧ್ಯಾಹ್ನದ ಊಟ ಮುಗಿದು ಹಿರಿಯರು ಒಂದಿಷ್ಟು ಅಡ್ಡಾಗುವ ಹೊತ್ತಿನಲ್ಲಿ ಹಾಸನದ ಯಾವುದಾದರೊಂದು ಬಡಾವಣೆಯ ಮನೆಯೊಳಕ್ಕೆ ಕಾಲಿಟ್ಟರೆ, ಹಜಾರದ ದೊಡ್ಡ ಗೋಡೆಯ ನಟ್ಟನಡುವೆ ಮೊದಲು ಕಣ್ಣಿಗೆ ಬೀಳುವುದು ಒಂದು ಕಪ್ಪು ಗಾಜು. ಅದು ಟೆಲಿವಿಷನ್ನಿನ ಪರದೆ. ರಾತ್ರಿ ಒಂದೆರಡು ಗಂಟೆ ವಾರ್ತೆಗೋ ಧಾರಾವಾಹಿಗೋ ಅದು ಬೆಳಗೀತು. ಉಳಿದ ಹೊತ್ತೆಲ್ಲ ಎದುರಿಗೆ ಕುಳಿತವರ ಮುಖವನ್ನೇ ಮಸುಕಾಗಿ ತೋರಿಸುತ್ತ ಸುಮ್ಮನಿರುವುದು. ಈಗೀಗ ಆ ಒಂದೆರಡು ಗಂಟೆಗೂ ಸಂಚಕಾರ ಬಂದಿದೆ. ಮಗ ಕ್ರಿಕೆಟ್ ನೋಡುವುದು ಅಂಗೈಯ ಫೋನಿನಲ್ಲಿ. ಮೊಮ್ಮಗಳು ಪಾಠ ಕೇಳುವುದೂ ಅದರಲ್ಲೇ. ಸೊಸೆ ಅಡಿಗೆಮನೆಯ ಕಟ್ಟೆಯ ಮೇಲೆ ಫೋನನ್ನು ಒರಗಿಸಿಟ್ಟುಕೊಂಡು ಧಾರಾವಾಹಿಯನ್ನು ಅಲ್ಲಿಯೇ ನೋಡಿ ಮುಗಿಸುತ್ತಾಳೆ. ಸಾವಿರಾರು ರೂಪಾಯಿ ತೆತ್ತು ತಂದ ವಸ್ತು ಗೋಡೆಗೆ ಭಾರವಾಗಿ ನೇತಾಡುತ್ತಿದೆ.

ಆ ಗೋಡೆ ಮೊದಲು ಹೀಗಿರಲಿಲ್ಲ. ಎರಡು ತಲೆಮಾರಿನ ಹಿಂದೆ ಹೊಳೆನರಸೀಪುರದ, ಅರಕಲಗೂಡಿನ ಹಳೆಯ ಮನೆಗಳಲ್ಲಿ ನಡುಮನೆಯ ಗೋಡೆಯೆಂದರೆ ಪಟಗಳ ಸಾಲು. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಹೊರಟ ಲಕ್ಷ್ಮಿ ಸರಸ್ವತಿಯರು ಕನ್ನಡನಾಡಿನ ಮೂಲೆಮೂಲೆಯ ಮನೆಗಳನ್ನು ಸೇರಿದ್ದರು. ಅವರ ಪಕ್ಕದಲ್ಲಿ ಜರಿಪೇಟದ ತಾತ, ಮೂಗುತಿಯ ಅಜ್ಜಿ, ಮದುವೆಯ ಗುಂಪಿನ ಛಾಯಾಚಿತ್ರ, ಕೆಳಗೆ ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಪಟಗಳನ್ನು ಮೇಲ್ಭಾಗ ತುಸು ಮುಂದಕ್ಕೆ ಬಾಗುವಂತೆ ಕಟ್ಟುತ್ತಿದ್ದುದರಿಂದ, ನೆಲದ ಮೇಲೆ ಚಾಪೆ ಹಾಸಿಕೊಂಡು ಕುಳಿತ ಮಕ್ಕಳಿಗೂ ಅವು ಚೆನ್ನಾಗಿ ಕಾಣುತ್ತಿದ್ದವು. ‘ಇವರು ಯಾರು?’ ಎಂದು ಮಗು ಕೇಳುತ್ತಿತ್ತು. ಯಾರಾದರೊಬ್ಬರು ಉತ್ತರ ಹೇಳುತ್ತಿದ್ದರು. ಮನೆತನದ ಚರಿತ್ರೆ ಮಗುವಿಗೆ ತಿಳಿಯುತ್ತಿದ್ದುದು ಹೀಗೆ.

ಟೆಲಿವಿಷನ್ ಬಂದಾಗ ಈ ಪಟಗಳಿಗೇನೂ ತೊಂದರೆಯಾಗಲಿಲ್ಲ. ದೆಹಲಿಯಲ್ಲಿ 1959ರಲ್ಲಿ ಮೊದಲಾದ ದೂರದರ್ಶನ ಬೆಂಗಳೂರು ಕೇಂದ್ರವನ್ನು ಕಂಡದ್ದು 1981ರ ನವೆಂಬರಿನಲ್ಲಿ. ಮರುವರ್ಷ ಬಣ್ಣ ಬಂದಿತು. 1987-88ರಲ್ಲಿ ಭಾನುವಾರದ ಬೆಳಗ್ಗೆ ರಾಮಾಯಣ ನೋಡಲು ಇಡೀ ಬೀದಿ ಒಂದು ಮನೆಯಲ್ಲಿ ಸೇರುತ್ತಿದ್ದುದನ್ನು ಅನೇಕರು ಇಂದಿಗೂ ನೆನೆಯುತ್ತಾರೆ. ಆಗಿನದು ಪೆಟ್ಟಿಗೆ. ಮೂಲೆಯಲ್ಲೊಂದು ಮೇಜಿನ ಮೇಲೆ, ಕಸೂತಿಯ ಬಟ್ಟೆ ಹೊದ್ದು, ತಲೆಯ ಮೇಲೊಂದು ಬೊಂಬೆಯನ್ನು ಹೊತ್ತು ಅದು ಕುಳಿತಿರುತ್ತಿತ್ತು. ಪೆಟ್ಟಿಗೆ ಹೋಗಿ ಹಲಗೆಯಂತಹ ಪರದೆ ಬಂದಾಗಲೇ ಗೋಡೆಗೆ ಕುತ್ತು ಬಂದದ್ದು. ಪರದೆಗೆ ಜಾಗ ಬೇಕೆಂದು ಪಟಗಳು ಇಳಿದವು. ದೇವರುಗಳು ಪೂಜೆಯ ಕೋಣೆಗೆ ಹೋದರು. ಹಿರಿಯರು ಟ್ರಂಕಿಗೋ ಅಟ್ಟಕ್ಕೋ ಹೋದರು.

ಜಾಗವನ್ನು ಕಸಿದುಕೊಂಡ ಪರದೆಯಿಂದಲೇ ಆ ಜಾಗದ ಕೆಲಸವನ್ನೂ ಮಾಡಿಸಲು ಬಾರದೆ?

ಬರುತ್ತದೆ. ಸ್ಯಾಮ್‌ಸಂಗ್ ಕಂಪನಿಯು 2017ರಲ್ಲಿ ‘ದಿ ಫ್ರೇಮ್’ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದು, ಕಾರ್ಯಕ್ರಮವಿಲ್ಲದಾಗ ಪರದೆಯನ್ನು ಚೌಕಟ್ಟಿನ ವರ್ಣಚಿತ್ರವನ್ನಾಗಿ ಮಾಡುವ ಉಪಾಯವನ್ನು ಜನಪ್ರಿಯಗೊಳಿಸಿತು. ಆದರೆ ಅದಕ್ಕಾಗಿ ಹೊಸದೊಂದನ್ನು ಕೊಳ್ಳಬೇಕಾದುದಿಲ್ಲ. ಗೋಡೆಯ ಮೇಲೆ ಈಗಾಗಲೇ ಇರುವ ಸಾಧಾರಣ ಪರದೆಯೂ, ಒಂದು ಪೆನ್‌ಡ್ರೈವೂ, ಒಂದು ಭಾನುವಾರದ ಬಿಡುವೂ ಸಾಕು.

ಒಂದು ಮನೆಯ ಚಿತ್ರ

ಓದುಗರು ಹಾಸನದ ಒಂದು ಮನೆಯನ್ನು ಕಲ್ಪಿಸಿಕೊಳ್ಳಲಿ. ಎಂಬತ್ತು ದಾಟಿದ ಅಜ್ಜಿ, ಮಗ, ಸೊಸೆ, ಹೈಸ್ಕೂಲು ಓದುವ ಮೊಮ್ಮಗಳು. ಅಜ್ಜಿಯ ತಂಗಿ ಇರುವುದು ಹೊಳೆನರಸೀಪುರದಲ್ಲಿ. ಮಗಳನ್ನು ಕೊಟ್ಟಿರುವುದು ಅರಕಲಗೂಡಿಗೆ. ಸೊಸೆಯ ತವರು ಚನ್ನರಾಯಪಟ್ಟಣ. ಅಜ್ಜಿಯ ತವರು ಮಾತ್ರ ಈಗ ಎಲ್ಲಿಯೂ ಇಲ್ಲ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಾಗ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು.

ಬೇಸಗೆಯ ರಜೆಯಲ್ಲಿ ಮೊಮ್ಮಗಳು ಪರದೆಯ ಹಿಂಬದಿಗೆ ಪೆನ್‌ಡ್ರೈವನ್ನು ಸಿಕ್ಕಿಸಿ, ಅಂತರ್ಜಾಲದಲ್ಲಿ ಸಿಕ್ಕಿದ ನಲವತ್ತು ಚಿತ್ರಗಳನ್ನು ಐದೈದು ಸೆಕೆಂಡಿಗೆ ಒಂದರಂತೆ ಓಡಿಸಿದಳು. ಆಲ್ಪ್ಸ್ ಪರ್ವತ, ಹಾಲೆಂಡಿನ ಹೂವು, ಒಂದು ಹುಲಿ, ಒಂದು ಮಹಾಲಕ್ಷ್ಮಿ.

ಅಜ್ಜಿ ಅಸಮಾಧಾನದಿಂದ ಕೇಳಿದರು: “ಏನೇ ಮಗು, ದೇವರನ್ನು ರಿಮೋಟಿನಿಂದ ಆರಿಸುವುದೇ? ಈಗ ತಾನೆ ಅಲ್ಲಿ ಹುಲಿ ಇತ್ತು.”

“ಅಜ್ಜಿ, ಬರಿಯ ಗಾಜಿಗಿಂತ ಇದು ಚೆನ್ನಾಗಿಲ್ಲವೇ?”

“ಗಾಜು ಸುಮ್ಮನಾದರೂ ಇತ್ತು. ಇದು ಕಣ್ಣಿಗೆ ನಿಲ್ಲುವುದೇ ಇಲ್ಲವಲ್ಲ!”

ಅಡಿಗೆಮನೆಯಿಂದ ಸೊಸೆ ನಗುತ್ತ ಹೇಳಿದಳು: “ಅತ್ತೆ ಹೇಳುವುದು ಸರಿ. ದೇವರು ಪೂಜೆಯ ಕೋಣೆಯಲ್ಲಿಯೇ ಇರಲಿ. ಇಲ್ಲಿಗೆ ನಮ್ಮದೇ ಏನಾದರೂ ಹುಡುಕು.”

ಅಜ್ಜಿಯ ಆಕ್ಷೇಪಣೆಯಲ್ಲಿ ತಿರುಳಿದೆ. ಹಾಸನದವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ಆಶ್ವಯುಜದಲ್ಲಿ ತೆರೆದು ದೀಪಾವಳಿಯ ವೇಳೆಗೆ ಮುಚ್ಚುತ್ತದೆ. ಕೆಲವೇ ದಿನಗಳ ದರ್ಶನವೆಂದೇ ಜನ ಗಂಟೆಗಟ್ಟಲೆ ನಿಂತು, ಕಣ್ಣು ತುಂಬ ನೋಡಿ ಹಿಂದಿರುಗುತ್ತಾರೆ. ಐದು ಸೆಕೆಂಡಿಗೊಮ್ಮೆ ಬದಲಾಗುವ ಚಿತ್ರವನ್ನು ಯಾರೂ ನೋಡುವುದಿಲ್ಲ. ಅದು ಮಿನುಗುವ ಅಂಗಡಿ ಫಲಕದ ಹಾಗೆ. ವರ್ಷಕ್ಕೆ ಹನ್ನೆರಡೋ ಇಪ್ಪತ್ತನಾಲ್ಕೋ ಚಿತ್ರ ಸಾಕು. ಒಂದೊಂದಕ್ಕೂ ಹದಿನೈದು ದಿನವೋ ಒಂದು ತಿಂಗಳೋ ಮನೆಯಲ್ಲಿ ವಾಸ ಕೊಟ್ಟರೆ ಅದು ಮನೆಯವರಿಗೆ ಪರಿಚಯವಾಗುತ್ತದೆ.

ಹತ್ತಿರದ ಚಿತ್ರಗಳು

ಜಗತ್ತಿನ ದೊಡ್ಡ ಚಿತ್ರಶಾಲೆಗಳು ಈಗ ಔದಾರ್ಯದಿಂದ ಬಾಗಿಲು ತೆರೆದಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಮೂರೂಮುಕ್ಕಾಲು ಲಕ್ಷ ಚಿತ್ರಗಳನ್ನು ಯಾರು ಬೇಕಾದರೂ ಯಾವ ಕೆಲಸಕ್ಕಾದರೂ ಬಳಸಬಹುದೆಂದು ಸಾರಿತು. ಆಂಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂ, ಷಿಕಾಗೋವಿನ ಕಲಾಶಾಲೆ ಮುಂತಾದವೂ ಇದೇ ದಾರಿ ಹಿಡಿದಿವೆ. ರೆಂಬ್ರಾಂಟನ ಚಿತ್ರವೊಂದು ಅರಕಲಗೂಡಿನ ಹಜಾರದಲ್ಲಿ ಒಂದು ತಿಂಗಳು ಅತಿಥಿಯಾಗಿದ್ದರೆ ತಪ್ಪೇನೂ ಇಲ್ಲ. ಆದರೆ ಮೊದಲ ಮಣೆ ಮನೆಯವರಿಗೆ.

ಹಾಸನ ಜಿಲ್ಲೆಯ ಮಟ್ಟಿಗೆ ‘ಮನೆಯವರು’ ಬಹಳ ದೊಡ್ಡವರು. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಈ ಮೂರರಲ್ಲಿ ಮೊದಲ ಎರಡು ಈ ಜಿಲ್ಲೆಯವು. ಹಳೇಬೀಡಿನ ದೇಗುಲವನ್ನು ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಆಂಗ್ಲನು 1856ರಲ್ಲಿಯೇ ಛಾಯಾಚಿತ್ರದಲ್ಲಿ ಹಿಡಿದನು. ಆ 56 ಚಿತ್ರಗಳು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುವು. 1866ರಲ್ಲಿ ಅಲ್ಲಿಯೇ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು ಇನ್ನೊಂದು ಛಾಯಾಚಿತ್ರ ಗ್ರಂಥ ಹೊರಬಂದಿತು. ಅದಕ್ಕೆ ಬರೆವಣಿಗೆ ಒದಗಿಸಿದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್. ಕ್ಯಾಮರಾ ಎಂಬುದೇ ಹೊಸತಾಗಿದ್ದ ಕಾಲದಲ್ಲಿ ಕಂಡ ಹಳೇಬೀಡನ್ನು ಹಾಸನದ ಹುಡುಗಿಯೊಬ್ಬಳು ತನ್ನ ಮನೆಯ ಗೋಡೆಯ ಮೇಲೆ ನೋಡುವುದು ಸಾಧಾರಣ ಸಂಗತಿಯಲ್ಲ.

ಹೆಸರಾದ ಊರುಗಳಷ್ಟೇ ಸಾಲವು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವುಂಟು. ಅಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟು ಹೋಗಿದ್ದಾರೆ. ಅದೇ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು 58 ಅಡಿಯ ಗೊಮ್ಮಟನನ್ನು ಕಾಣದವರಿಲ್ಲ. ಆದರೆ ಕೆಳಗಿನ ಮಠದ ಗೋಡೆಗಳ ಮೇಲಿರುವ ಹಳೆಯ ವರ್ಣಚಿತ್ರಗಳ ಮುಂದೆ ನಿಂತವರು ಕಡಮೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ನರಸಿಂಹಸ್ವಾಮಿಯ ಗುಡಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಸೋಪಾನ. ಹಾಸನದಿಂದ ಬೇಲೂರಿನ ಹಾದಿಯಲ್ಲಿ ದೊಡ್ಡಗದ್ದವಳ್ಳಿಯ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯ.

ಈ ದೊಡ್ಡಗದ್ದವಳ್ಳಿಯ ಸಂಗತಿಯನ್ನು ಮರೆಯಬಾರದು. ಒಂಬತ್ತು ಶತಮಾನ ಬಾಳಿದ ಆ ದೇವಾಲಯದಲ್ಲಿನ ಕಾಳಿಯ ಮೂರ್ತಿ ಭಗ್ನವಾದ ಸುದ್ದಿ 2020ರ ನವೆಂಬರಿನಲ್ಲಿ ಬಂದಿತು. ಅದಕ್ಕೆ ಮುಂಚೆ ಅಲ್ಲಿಗೆ ಹೋಗಿ ಚಿತ್ರ ತೆಗೆದುಕೊಂಡು ಬಂದಿದ್ದವರ ಬಳಿ ಅಖಂಡವಾದ ಕಾಳಿ ಇನ್ನೂ ಉಳಿದಿದ್ದಾಳೆ. ಹಾಗೆಯೇ ಶೆಟ್ಟಿಹಳ್ಳಿಯ ಇಗರ್ಜಿ. ಫ್ರೆಂಚ್ ಪಾದ್ರಿಗಳು 19ನೆಯ ಶತಮಾನದಲ್ಲಿ ಕಟ್ಟಿದ ಅದು ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ, ಬೇಸಗೆಗೆ ಎದ್ದು, ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಹತ್ತು ವರ್ಷದ ಹಿಂದೆ ತೆಗೆದ ಚಿತ್ರವನ್ನೂ ಈಗಿನದನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಬೇರೆ ಉಪದೇಶ ಬೇಕಿಲ್ಲ.

ಕೈಕೆಲಸದ ವಿವರ

ಇನ್ನು ಮಾಡುವ ಬಗೆ. ಈಗಿನ ಪರದೆಗಳ ಅಗಲ ಎತ್ತರಗಳ ಪ್ರಮಾಣ 16ಕ್ಕೆ 9. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳು. ‘4ಕೆ’ ಎಂಬುದರಲ್ಲಿ 3840 ಮತ್ತು 2160. ಚಿತ್ರ ಇದಕ್ಕಿಂತ ಚಿಕ್ಕದಾಗಿದ್ದರೆ ಹಿಗ್ಗಿ ಮಸುಕಾಗುತ್ತದೆ. ವಾಟ್ಸ್ಆ್ಯಪಿನಲ್ಲಿ ಕೈಯಿಂದ ಕೈಗೆ ಸಾಗಿ ಬಂದ ಚಿತ್ರಗಳು ಹೀಗೆ ಕುಗ್ಗಿದವು, ಮೂಲವನ್ನೇ ತರಿಸಿಕೊಳ್ಳಬೇಕು. ಚಿತ್ರಗಳನ್ನು ಜೆಪೆಗ್ ರೂಪದಲ್ಲಿ ಪೆನ್‌ಡ್ರೈವಿಗೆ ಹಾಕಿ ಪರದೆಯ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸಿ ‘ಫೋಟೋ’ ಎಂಬುದನ್ನು ಆರಿಸಿದರೆ ಆಯಿತು. ಪರದೆ ತಾನಾಗಿ ಆರಿಹೋಗುವ ಏರ್ಪಾಡು ಇದ್ದರೆ ಅದರ ಅವಧಿಯನ್ನು ಬದಲಿಸಿಕೊಳ್ಳಬೇಕು.

ನಿಂತ ಭಂಗಿಯ ಶಿಲ್ಪ, ಹಿರಿಯರ ಭಾವಚಿತ್ರ ಮುಂತಾದವು ನೀಳವಾದವು. ಒಂದನ್ನೇ ಹಾಕಿದರೆ ಎರಡು ಬದಿಯೂ ಬರಿದಾಗಿ ಕಾಣುತ್ತದೆ. ಬೇಲೂರಿನ ಮೂವರು ಮದನಿಕೆಯರನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಜೋಡಿಸಿದರೆ ಪರದೆ ಸರಿಯಾಗಿ ತುಂಬುತ್ತದೆ. ಅಂಗಡಿಯಿಂದ ಬಂದ ಪರದೆ ಸಾಮಾನ್ಯವಾಗಿ ಕಣ್ಣು ಕೋರೈಸುವ ನೀಲಿಛಾಯೆಯಲ್ಲಿರುತ್ತದೆ. ಹೊಯ್ಸಳರ ಬಳಪದ ಕಲ್ಲು ಅದರಲ್ಲಿ ಹೊಸ ಸಿಮೆಂಟಿನಂತೆ ಕಾಣುತ್ತದೆ. ಬಣ್ಣವನ್ನು ‘ವಾರ್ಮ್’ ಎಂಬಲ್ಲಿಗೆ ತಿರುಗಿಸಿ, ಬೆಳಕನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಕಲ್ಲು ಕಲ್ಲಾಗುತ್ತದೆ. ಕಿಟಕಿಗೆ ಎದುರಾಗಿರುವ ಪರದೆಯಲ್ಲಿ ಚಿತ್ರಕ್ಕಿಂತ ಕಿಟಕಿಯೇ ಹೆಚ್ಚು ಕಾಣುವುದರಿಂದ ಅಂತಹ ಕಡೆ ಒಂದು ತೆರೆ ಅವಶ್ಯ.

ಗೃಹಿಣಿಯರು ಕೇಳುವ ಪ್ರಶ್ನೆ ವಿದ್ಯುತ್ತಿನದು. ಪರದೆ 60 ವಾಟ್ ಎಳೆಯುವುದೆಂದು ಹಿಡಿದರೆ, ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 9 ಯೂನಿಟ್ ಆಗುತ್ತದೆ. ಬೆಳಕನ್ನು ತಗ್ಗಿಸಿದಷ್ಟೂ ಅದು ಇಳಿಯುತ್ತದೆ. ಇಡೀ ದಿನ ಉರಿಸುವ ಅಗತ್ಯವಿಲ್ಲ. ಸಂಜೆ ದೀಪ ಹಚ್ಚಿದಂದಿನಿಂದ ಊಟದವರೆಗೆ, ನೆಂಟರು ಬಂದಾಗ, ರಜೆಯ ದಿನ ಬೆಳಗ್ಗೆ ಹಚ್ಚಿದರೆ ಸಾಕು. ಓ.ಎಲ್.ಇ.ಡಿ. ಜಾತಿಯ ಪರದೆಯಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ಕಲೆ ಉಳಿಯುವ ಭಯವುಂಟು; ಅಂತಹವರು ನಾಲ್ಕೈದು ಚಿತ್ರಗಳನ್ನು ಕೆಲವು ನಿಮಿಷಗಳಿಗೊಮ್ಮೆ ಸರದಿಯಲ್ಲಿ ತಿರುಗಿಸಬೇಕು. ಸಾಮಾನ್ಯ ಎಲ್.ಇ.ಡಿ. ಪರದೆಗೆ ಈ ಭಯ ಕಡಮೆ.

ಅಂತರ್ಜಾಲಕ್ಕೆ ಹೊಂದಿಕೊಂಡ ಪರದೆಗಳು ಫೋನಿನ ಚಿತ್ರಸಂಗ್ರಹವನ್ನು ತಾವಾಗಿಯೇ ತೋರಿಸಬಲ್ಲವು. ಇಲ್ಲಿ ಎಚ್ಚರ ಬೇಕು. ಫೋನಿನಲ್ಲಿ ಮದುವೆಯ ಚಿತ್ರವೊಂದೇ ಇರುವುದಿಲ್ಲ. ಆಧಾರ್ ಚೀಟಿ, ಬ್ಯಾಂಕಿನ ಪುಸ್ತಕ, ವೈದ್ಯರ ಚೀಟಿ ಎಲ್ಲವೂ ಇರುತ್ತವೆ. ಬೀಗರು ಕಾಫಿ ಕುಡಿಯುತ್ತಿರುವಾಗ ಗೋಡೆಯ ಮೇಲೆ ಸಾಲದ ಪತ್ರ ಪ್ರತ್ಯಕ್ಷವಾಗುವುದು ಯಾರಿಗೂ ಬೇಡ. ಆರಿಸಿದ ಚಿತ್ರಗಳಿಗೇ ಒಂದು ಬೇರೆ ಆಲ್ಬಮ್ ಮಾಡಿ ಅದನ್ನು ಮಾತ್ರ ಜೋಡಿಸಬೇಕು.

ಹಕ್ಕಿನ ಮಾತನ್ನೂ ಬಿಡುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರಕಾರನ ಹಕ್ಕು ಅವನ ಜೀವಮಾನದಲ್ಲಿಯೂ, ಅವನು ತೀರಿಕೊಂಡ ವರ್ಷ ಕಳೆದ ಮೇಲೆ 60 ವರ್ಷಗಳವರೆಗೂ ಇರುತ್ತದೆ. ರವಿವರ್ಮನು ತೀರಿಕೊಂಡದ್ದು 1906ರಲ್ಲಿ. ಅವನ ಚಿತ್ರಗಳು ಎಲ್ಲರವು. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡುದರಿಂದ ಅವರ ಅವಧಿ 2025ರ ಕೊನೆಯವರೆಗಿನದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಜನ ಮುಗಿಬಿದ್ದು ನೋಡುವ, ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಅನೇಕರು ರವಿವರ್ಮನದೆಂದೇ ನಂಬಿದ್ದಾರೆ. ಅದು ಅವನದಲ್ಲ, ಎಸ್. ಎಲ್. ಹಳದಣಕರ್ ಅವರದು. ಅವರು ತೀರಿಕೊಂಡದ್ದು 1968ರಲ್ಲಿ. ಆದುದರಿಂದ ಅವರ ಹಕ್ಕು 2028ರ ಕೊನೆಯವರೆಗೆ ಉಂಟು. ಹೋಟೆಲು, ಅಂಗಡಿ, ಆಸ್ಪತ್ರೆಯ ಹಜಾರಗಳಲ್ಲಿ ಚಿತ್ರ ತೋರಿಸುವವರಿಗೆ ಈ ಲೆಕ್ಕ ವಿಶೇಷವಾಗಿ ಮುಖ್ಯ. ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರದಲ್ಲಿ ಹೊಯ್ಸಳ ದೇಗುಲಗಳ ಒಳ್ಳೆಯ ಚಿತ್ರಗಳು ಧಾರಾಳವಾಗಿವೆ. ಯಾವ ಚಿತ್ರಕ್ಕೆ ಯಾವ ನಿಬಂಧನೆ ಎಂಬುದನ್ನು ಅದರ ಕೆಳಗೇ ಬರೆದಿರುತ್ತಾರೆ.

ಟ್ರಂಕಿನ ಬಾಯಿ

ಮೊದಲು ಹೇಳಿದ ಮನೆಗೆ ಹಿಂದಿರುಗೋಣ. ನಲವತ್ತು ಚಿತ್ರಗಳು ಹೋಗಿ ಹನ್ನೆರಡು ಉಳಿದವು. ಚನ್ನರಾಯಪಟ್ಟಣದ ಸೋದರಮಾವ ನುಗ್ಗೇಹಳ್ಳಿಯ ಶಿಲ್ಪಗಳನ್ನು ತಾನೇ ತೆಗೆದು ಕಳುಹಿಸಿದನು. ಅರಕಲಗೂಡಿನ ಅತ್ತೆ ರಾಮನಾಥಪುರದ ಹೊಳೆಯನ್ನು ಬೆಳಗಿನ ಬಿಸಿಲಿನಲ್ಲಿ ಹಿಡಿದು ಕಳುಹಿಸಿದಳು. ಹೊಳೆನರಸೀಪುರದ ಚಿಕ್ಕಜ್ಜಿ ಕಳುಹಿಸಿದ್ದು ಮಾತ್ರ ಬೇರೆ. ಟ್ರಂಕಿನ ತಳದಲ್ಲಿ, ಹಳೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿದ್ದ ಒಂದು ಛಾಯಾಚಿತ್ರ. ಅಂಗೈಯಷ್ಟು ಅಗಲದ ಅದರಲ್ಲಿ ಒಂದು ಮನೆಯ ಜಗಲಿ, ಹನ್ನೊಂದು ಜನ, ಒಂದು ಕರು.

ಇಂತಹ ಹಳೆಯ ಚಿತ್ರವನ್ನು ಫೋನಿನಿಂದಲೇ ಹಿಡಿಯಬಹುದು. ಅದನ್ನು ಬಾಗಿಲ ಬಳಿ, ನೇರ ಬಿಸಿಲು ತಾಗದ ಬೆಳಕಿನಲ್ಲಿ ಸಮತಟ್ಟಾಗಿ ಇಡಬೇಕು, ಫೋನು ಓರೆಯಾಗದಂತೆ ಮೇಲಿನಿಂದ ಹಿಡಿಯಬೇಕು, ಫ್ಲ್ಯಾಷ್ ಬಳಸಬಾರದು. ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬಾರದು, ಮುಖವೇ ಕಿತ್ತು ಬಂದೀತು.

ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳು ಆ ಚಿತ್ರವನ್ನು ಪರದೆಗೆ ಏರಿಸಿದಳು. ಅಂಗೈಯಷ್ಟಿದ್ದುದು ಗೋಡೆಯಷ್ಟಾಯಿತು. ಅಜ್ಜಿ ಕನ್ನಡಕವನ್ನು ಒರಸಿಕೊಂಡು ಹತ್ತಿರಕ್ಕೆ ಬಂದು ನಿಂತರು. ಬಹಳ ಹೊತ್ತು ಮಾತನಾಡಲಿಲ್ಲ.

“ಇದು ನಮ್ಮಪ್ಪ ಕಟ್ಟಿಸಿದ ಜಗಲಿ. ಈ ಕಂಬದ ಹಿಂದೆ ಅರ್ಧ ಮುಖ ಕಾಣುತ್ತದೆ ನೋಡು, ಅದು ನಾನು. ಫೋಟೋದವನಿಗೆ ಹೆದರಿ ಅಡಗಿಕೊಂಡಿದ್ದೆ.”

“ಅಜ್ಜಿ, ಈ ಮನೆ ಈಗ ನೀರಿನೊಳಗೆ ಇದೆಯೇ?”

“ಇಲ್ಲ ಮಗು. ಊರು ಬಿಡುವ ಮುಂಚೆ ಅಣ್ಣಂದಿರು ತೊಲೆ, ಬಾಗಿಲು, ಹೆಂಚು ಎಲ್ಲವನ್ನೂ ಬಿಚ್ಚಿ ಗಾಡಿಯಲ್ಲಿ ಸಾಗಿಸಿದರು. ನೀರಿಗೆ ಸಿಕ್ಕಿದ್ದು ಬರಿಯ ಗೋಡೆ.”

ಆ ಮಾತನ್ನು ಮಗನೂ ಅಂದು ಮೊದಲ ಬಾರಿಗೆ ಕೇಳಿದನು. ಹಿತ್ತಲಿನ ಹಳೆಯ ಬಾಗಿಲು ಎಲ್ಲಿಂದ ಬಂದದ್ದೆಂದು ಅವನು ಐವತ್ತು ವರ್ಷ ಕೇಳಿರಲಿಲ್ಲ. ಸೊಸೆ ಒಲೆಯನ್ನು ಆರಿಸಿ ಬಂದು ಕುಳಿತಳು. ಮೊಮ್ಮಗಳು ನೋಟುಪುಸ್ತಕ ತಂದು ಎಡದಿಂದ ಬಲಕ್ಕೆ ಹೆಸರು ಬರೆದುಕೊಳ್ಳತೊಡಗಿದಳು. ಒಂಬತ್ತು ಹೆಸರು ಬಂದವು. ಬಲತುದಿಯ ಇಬ್ಬರು ಹೆಂಗಸರು ಯಾರೆಂಬುದು ಅಜ್ಜಿಗೂ ನೆನಪಾಗಲಿಲ್ಲ. ತಂಗಿಗೆ ಫೋನು ಮಾಡಿದಾಗ ಒಬ್ಬಳ ಹೆಸರು ಸಿಕ್ಕಿತು. ಇನ್ನೊಬ್ಬಳ ಜಾಗದಲ್ಲಿ ಹುಡುಗಿ ಒಂದು ಗೆರೆಯನ್ನು ಎಳೆದು ಬಿಟ್ಟಳು.

ಹೊಯ್ಸಳರ ಶಿಲ್ಪಿ ತನ್ನ ಹೆಸರನ್ನು ಕಲ್ಲಿನಲ್ಲಿ ಕೆತ್ತಿದುದರಿಂದ ಏಳುನೂರು ವರ್ಷ ಕಳೆದರೂ ಮಲ್ಲಿತಮ್ಮನೆಂದರೆ ಯಾರೆಂದು ತಿಳಿಯುತ್ತದೆ. ಜಗಲಿಯ ಮೇಲೆ ಕುಳಿತ ಆ ಹೆಂಗಸಿನ ಹೆಸರು ಅರುವತ್ತೋ ಎಪ್ಪತ್ತೋ ವರ್ಷಗಳಲ್ಲಿ ಅಳಿಸಿಹೋಯಿತು. ಪರದೆಗೆ ಏರಿಸುವ ಪ್ರತಿಯೊಂದು ಚಿತ್ರದ ಕೆಳಗೂ ಊರು, ವರ್ಷ, ಹೆಸರುಗಳನ್ನು ಒಂದು ಸಾಲಿನಲ್ಲಿ ಬರೆದು ಸೇರಿಸುವುದು ಇದಕ್ಕಾಗಿಯೇ ಅಗತ್ಯ.

ಪೆನ್‌ಡ್ರೈವನ್ನು ಈ ತಿಂಗಳು ಕೊಳ್ಳಬಹುದು, ಮುಂದಿನ ತಿಂಗಳು ಕೊಳ್ಳಬಹುದು. ಪರದೆಯ ಬಣ್ಣವನ್ನು ಯಾವಾಗ ಬೇಕಾದರೂ ತಿದ್ದಬಹುದು. ಆದರೆ ಟ್ರಂಕನ್ನು ತೆರೆಯುವ ಕೆಲಸವನ್ನು ಮುಂದೂಡದೆ ಈ ಭಾನುವಾರವೇ ಮಾಡುವುದು ಒಳ್ಳೆಯದು. ಚಿತ್ರ ಇನ್ನೂ ಕೆಲವು ಕಾಲ ಬಾಳೀತು. ಅದರಲ್ಲಿರುವವರ ಹೆಸರು ಹೇಳಬಲ್ಲವರು ಈಗಲೇ ಎಂಬತ್ತು ದಾಟಿದ್ದಾರೆ.